ಭುಜ್, ಜೈಸಲ್ಮೇರ್, ನವಲಗಢ: ಮುಂಬೈಯಿಂದ ಮರುಭೂಮಿಗೆ ಹೊರಟರೆ ಯಾವ ದಾರಿ?

ದಸರಾ ಮುಗಿಯುತ್ತಿದ್ದ ಹಾಗೆ ಪ್ರತಿ ವರ್ಷ ನನಗೆ ಒಂದೇ ಥರದ ಫೋನು ಬರುತ್ತದೆ. "ಕ್ರಿಸ್‌ಮಸ್ ರಜೆಗೆ ಮರುಭೂಮಿ ಕಡೆ ಹೋಗೋಣ ಅಂತಿದ್ದೇವೆ. ಕಚ್ಛ್ ಒಳ್ಳೇದಾ, ಜೈಸಲ್ಮೇರ್ ಒಳ್ಳೇದಾ?" ಕೇಳುವವರು ಡೊಂಬಿವಲಿಯ ಚಿಕ್ಕಮ್ಮನ ಮಗ ಇರಬಹುದು, ಪಿಂಪ್ರಿಯ ಹಳೆಯ ಸಹೋದ್ಯೋಗಿ ಇರಬಹುದು, ಮಡಗಾಂವದಲ್ಲಿ ಹೋಟೆಲ್ ಇಟ್ಟಿರುವ ನಮ್ಮೂರಿನವರು ಇರಬಹುದು. ನಾನೇನು ಟ್ರಾವೆಲ್ ಏಜೆಂಟ್ ಅಲ್ಲ. ಮುಲುಂಡ್‌ನಿಂದ ಮೂರು ಸಲ, ಮೂರು ಬೇರೆ ಬೇರೆ ಕಡೆ ಹೋಗಿ ಬಂದಿದ್ದೇನೆ, ಅಷ್ಟೇ.

ನನ್ನ ಮೊದಲ ಮಾತು ಯಾವಾಗಲೂ ಒಂದೇ. ಮರಳು ನೋಡಿ ದಾರಿ ಆರಿಸಬೇಡಿ. ಮರಳ ದಿಬ್ಬ ಎಷ್ಟೇ ಚೆಂದ ಇದ್ದರೂ ಅದು ಒಂದು ಸಂಜೆಯ ಬಾಬತ್ತು. ಮಕ್ಕಳು ನಾಲ್ಕು ಸಲ ಜಾರುತ್ತಾರೆ, ಒಂದು ಸಲ ಒಂಟೆ ಹತ್ತಿ ಇಳಿಯುತ್ತಾರೆ, ಆಮೇಲೆ ಚಿಪ್ಸ್ ಕೇಳುತ್ತಾರೆ. ಉಳಿದ ಐದಾರು ದಿನ ಏನು ಮಾಡುತ್ತೀರಿ ಅನ್ನೋದು ಅಸಲಿ ಪ್ರಶ್ನೆ. ಆ ದಿನಗಳನ್ನು ತುಂಬುವುದು ದಾರಿಯ ಸಣ್ಣ ಊರುಗಳು, ಆ ಊರುಗಳ ಮ್ಯೂಸಿಯಂಗಳು. ಧರ್ಮಸ್ಥಳದ ಮಂಜೂಷಾದಲ್ಲಿ ಹಳೇ ಕ್ಯಾಮೆರಾ, ತಾಳೆಗರಿ, ದೇವರ ಮೂರ್ತಿ ಎಲ್ಲಾ ನೋಡುತ್ತಾ ಊಟದ ಹೊತ್ತು ಮರೆತವರು ನೀವಾಗಿದ್ದರೆ, ಇದು ನಿಮಗೇ ಬರೆದದ್ದು. ಮ್ಯೂಸಿಯಂ ಅಂದರೆ ಆಕಳಿಸುವವರು ಮನೆಯಲ್ಲಿದ್ದರೂ ಪರವಾಗಿಲ್ಲ. ಅವರಿಗೂ ಒಂದು ದಾರಿ ಇದೆ, ಕೆಳಗೆ ಹೇಳುತ್ತೇನೆ.

ಮೂರು ದಾರಿ

ಒಂದು, ಕಚ್ಛ್. ಭುಜ್ ನಡುವಿನ ಊರು. ಅಲ್ಲಿಂದ ದಕ್ಷಿಣಕ್ಕೆ ಮಾಂಡವಿ, ಉತ್ತರಕ್ಕೆ ಖಾವಡಾ, ಅದರಾಚೆ ಧೋಲಾವೀರಾ. ಮುಂಬೈಯಿಂದ ಭುಜ್‌ಗೆ ರಸ್ತೆಯಲ್ಲಿ ಸುಮಾರು 850 ಕಿ.ಮೀ.

ಎರಡು, ಥಾರ್. ಜೋಧಪುರದಿಂದ ಶುರು. ಫಲೋದಿ, ಪೋಖ್ರಣ್, ಜೈಸಲ್ಮೇರ್. ಜೋಧಪುರದಿಂದ ಜೈಸಲ್ಮೇರ್‌ಗೆ ಸುಮಾರು 280 ಕಿ.ಮೀ. ನೀವು ಮನಸ್ಸಿನಲ್ಲಿ ಅಂದುಕೊಂಡಿರುವ, ಕ್ಯಾಲೆಂಡರಿನ ಚಿತ್ರದಂಥ ಮರುಭೂಮಿ ಇದೇ.

ಮೂರು, ಶೇಖಾವತಿ. ಜೈಪುರದ ಮೇಲ್ಗಡೆ ನವಲಗಢ, ಮಂಡಾವಾ, ಫತೇಪುರ. ಇದು ಪೂರ್ತಿ ಮರುಭೂಮಿ ಅಲ್ಲ, ಅರೆ ಮರುಭೂಮಿ. ಮರಳು ಕಮ್ಮಿ, ಗೋಡೆ ಚಿತ್ರ ಜಾಸ್ತಿ.

ಮೂರನ್ನೂ ಒಂದೇ ಸಲ ಮಾಡುತ್ತೇವೆ ಅನ್ನುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ. ಅದು ಪ್ರವಾಸ ಅಲ್ಲ, ಡ್ರೈವಿಂಗ್ ಪರೀಕ್ಷೆ.

ಭುಜ್: ಸಣ್ಣ ಊರು, ದೊಡ್ಡ ಕಪಾಟು

ನಮ್ಮ ಸೊಸೈಟಿಯಲ್ಲಿ ಅರ್ಧಕ್ಕರ್ಧ ಜನ ಕಚ್ಛಿಗಳು. ಆಷಾಢ ಬಿದಿಗೆಗೆ ಅವರ ಹೊಸ ವರ್ಷ, ನಮಗೂ ಸಿಹಿ ಬರುತ್ತದೆ. ಹಾಗಾಗಿ ಮೊದಲ ಸಲ ಕಚ್ಛ್‌ಗೇ ಹೋದೆವು. ಹೋಗಿ ಮುಟ್ಟಿದ್ದು ಬುಧವಾರ. ಕಚ್ಛ್ ಮ್ಯೂಸಿಯಂಗೆ ಬುಧವಾರ ರಜೆ! ಗೇಟಿನ ಮುಂದೆ ನಿಂತು ಒಂದು ಫೋಟೋ ತೆಗೆದುಕೊಂಡು ವಾಪಸ್ ಬಂದೆವು. ತಪ್ಪು ನಮ್ಮದೇ, ಯಾರನ್ನು ಬೈಯುವುದು. ಮಾರನೇ ದಿನ ಮಾಂಡವಿ ಬಿಟ್ಟು ಮತ್ತೆ ಅಲ್ಲಿಗೇ ಹೋದೆವು. ಹೋದದ್ದು ಒಳ್ಳೆಯದಾಯಿತು.

ಇದು ಗುಜರಾತಿನ ಅತಿ ಹಳೆಯ ಮ್ಯೂಸಿಯಂ, 1877ರಲ್ಲಿ ಶುರುವಾದದ್ದು. ಬೇರೆ ಮ್ಯೂಸಿಯಂಗಳಲ್ಲಿ ನಾನು ಶಾಸನದ ಕೋಣೆಯನ್ನು ಹಾರಿಸಿಬಿಡುತ್ತೇನೆ. ಇಲ್ಲಿ ಹಾಗೆ ಮಾಡಬೇಡಿ. ಖಾವಡಾ ಹತ್ತಿರದ ಅಂಧೌ ಎಂಬ ಊರಲ್ಲಿ ಸಿಕ್ಕ ಕಲ್ಲುಗಳಿವೆ. ನೋಡೋಕೆ ಏನೂ ಇಲ್ಲ. ಒರಟು ಕಲ್ಲು, ಮೇಲೆ ಬ್ರಾಹ್ಮಿ ಅಕ್ಷರ. ಆದರೆ ಅದರಲ್ಲಿ ಬರೆದಿರುವ ದಿನ ಕೇಳಿ: ವರ್ಷ 52, ಫಾಲ್ಗುಣ ಬಹುಳ ಬಿದಿಗೆ. ಇದು ಶಕ ವರ್ಷ. ನಮ್ಮ ಮನೆಯ ಪಂಚಾಂಗದಲ್ಲಿ ಶಾಲಿವಾಹನ ಶಕೆ ಅಂತ ಬರೆದಿರುತ್ತಾರಲ್ಲ, ಅದೇ ಲೆಕ್ಕ. ಅಂದರೆ ಕ್ರಿ.ಶ. 130. ಆಗ ಆಳುತ್ತಿದ್ದವರು ಕ್ಷತ್ರಪರು, ಚಷ್ಟನ ಮತ್ತು ಅವನ ಮೊಮ್ಮಗ ರುದ್ರದಾಮ. ಕಲ್ಲು ನಿಲ್ಲಿಸಿದವನು ಮಾತ್ರ ರಾಜ ಅಲ್ಲ, ಮದನ ಎಂಬ ಒಬ್ಬ. ಒಂದು ಕಲ್ಲು ತೀರಿಕೊಂಡ ಅಕ್ಕನಿಗೋ ತಂಗಿಗೋ, ಒಂದು ಸೋದರನಿಗೆ, ಒಂದು ಹೆಂಡತಿಗೆ. ನಮ್ಮೂರ ಬಯಲಲ್ಲಿ ವೀರಗಲ್ಲು, ಮಾಸ್ತಿಕಲ್ಲು ನೋಡಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನನ್ನ ಹೆಂಡತಿ ಆ ಕಲ್ಲಿನ ಮುಂದೆ ಸುಮ್ನೆ ನಿಂತುಬಿಟ್ಟಳು. ಪಾಪ, ಒಂದೇ ಮನೆಯಲ್ಲಿ ಎಷ್ಟು ಜನ, ಅಂದಳು.

ಪಕ್ಕದ ಕೋಣೆಯಲ್ಲಿ ನಾಣ್ಯಗಳು. ಕಚ್ಛ್ ಸಂಸ್ಥಾನಕ್ಕೆ ತನ್ನದೇ ದುಡ್ಡಿತ್ತು, ಹೆಸರು ಕೋರಿ. 1936ರಲ್ಲಿ ಹನ್ನೊಂದು ತಿಂಗಳೂ ತುಂಬಿಸದೆ ಸಿಂಹಾಸನ ಬಿಟ್ಟ ಎಂಟನೇ ಎಡ್ವರ್ಡ್ ಹೆಸರಲ್ಲೂ ಇವರು ನಾಣ್ಯ ಹೊಡೆಸಿದ್ದರು. ನಾಣ್ಯದ ಹುಚ್ಚಿರುವವರು ಗುಂಪಿನಲ್ಲಿದ್ದರೆ ಅವರನ್ನು ಇಲ್ಲೇ ಬಿಟ್ಟು ನೀವು ಚಹಾ ಕುಡಿದು ಬರಬಹುದು.

ನಡೆದರೆ ಐದೇ ನಿಮಿಷದಲ್ಲಿ ಐನಾ ಮಹಲ್. 18ನೇ ಶತಮಾನದ ಕನ್ನಡಿ ಅರಮನೆ. ಮಹಾರಾವ್ ಲಖಪತ್‌ಜಿಗೆ ಇದನ್ನು ಕಟ್ಟಿಕೊಟ್ಟವನು ರಾಮ್‌ಸಿಂಗ್ ಮಾಲಮ್ ಎಂಬ ನಾವಿಕ. ಹಡಗು ಒಡೆದು ಡಚ್ಚರ ಕೈಗೆ ಸಿಕ್ಕಿ, ಹಾಲೆಂಡಿನಲ್ಲಿ ವರ್ಷಗಟ್ಟಲೆ ಇದ್ದು ಗಾಜು, ಗಡಿಯಾರ, ಟೈಲ್ಸ್ ಮಾಡುವ ಕೆಲಸ ಕಲಿತು ಬಂದನಂತೆ. ಒಳಗೆ ಒಂದು ಕೋಣೆಯಲ್ಲಿ ರಾಜ ಕೂರುವ ಕಟ್ಟೆ, ಸುತ್ತ ನೀರು, ಕಾರಂಜಿ. ಮರುಭೂಮಿಯ ರಾಜನಿಗೆ ಶೋಕಿ ಅಂದರೆ ನೀರೇ ತಾನೆ! ಭೂಕಂಪದಲ್ಲಿ ಕಟ್ಟಡಕ್ಕೆ ಪೆಟ್ಟು ಬಿದ್ದಿದೆ, ಉಳಿದ ಭಾಗವಷ್ಟೇ ನೋಡಲು ಸಿಗುತ್ತದೆ. ಎದುರಿಗಿರುವ ಪ್ರಾಗ್ ಮಹಲ್ ದೊಡ್ಡದು, ಹೊರಗಿನಿಂದ ಚೆಂದ. ಒಳಗೆ ಸತ್ತ ಪ್ರಾಣಿಗಳ ತಲೆ ಮತ್ತು ಧೂಳು. ಗಂಟೆ ಗೋಪುರ ಹತ್ತಿ ಊರು ನೋಡಿ ಇಳಿದರೆ ಸಾಕು.

ಭೂಕಂಪ ಅಂದೆ. 2001ರ ಜನವರಿ 26, ಬೆಳಗ್ಗೆ 8.46. ಧ್ವಜ ಏರಿಸುವ ಹೊತ್ತು. ಮುಂಬೈಯಲ್ಲೂ ಕಟ್ಟಡಗಳು ಅಲುಗಿದ್ದವು, ನಿಮಗೆ ನೆನಪಿರಬಹುದು. ಭುಜಿಯೊ ಗುಡ್ಡದ ಮೇಲೆ 2022ರಲ್ಲಿ ತೆರೆದ ಸ್ಮೃತಿವನ ಅದರ ಸ್ಮಾರಕ. 470 ಎಕರೆ ಜಾಗ. ಮಳೆ ನೀರು ಹಿಡಿಯಲು ಕಟ್ಟಿದ ಕಟ್ಟೆಗಳ ಗೋಡೆಯಲ್ಲಿ ತೀರಿಕೊಂಡ 12,932 ಜನರ ಹೆಸರಿದೆ. ಮ್ಯೂಸಿಯಂ ಒಳಗೆ ನಿಂತ ನೆಲವೇ ನಡುಗುವ ಒಂದು ಥಿಯೇಟರ್ ಇದೆ. ಮಕ್ಕಳು ಅದನ್ನು ಜಾತ್ರೆಯ ಆಟ ಅಂದುಕೊಂಡು ನಗುತ್ತಾ ಒಳಗೆ ಹೋದರು. ಹೊರಗೆ ಬರುವಾಗ ನಗು ಇರಲಿಲ್ಲ. ತೀರಾ ಸಣ್ಣವರನ್ನು, ಹೃದಯದ ತೊಂದರೆ ಇರುವವರನ್ನು ಆ ಒಂದು ಕೋಣೆಗೆ ಕರೆದುಕೊಂಡು ಹೋಗಬೇಡಿ. ಇಡೀ ಜಾಗಕ್ಕೆ ಅರ್ಧ ದಿನ ಬೇಕು. ಮೂರು ದಾರಿಗಳಲ್ಲಿ ನಾನು ನೋಡಿದ ಮ್ಯೂಸಿಯಂಗಳ ಪೈಕಿ ಬಹಳ ದುಡ್ಡು, ಬಹಳ ಯೋಚನೆ ಎರಡೂ ಹಾಕಿ ಮಾಡಿದ್ದು ಇದೊಂದೇ.

ಭುಜ್‌ನಿಂದ ಹದಿನೈದು ಕಿಲೋಮೀಟರಿನೊಳಗೆ ಅಜರಖಪುರ. ಭೂಕಂಪದ ನಂತರ ಧಮಡ್ಕಾ ಹಳ್ಳಿಯಿಂದ ಎದ್ದು ಬಂದ, ಬಟ್ಟೆಯ ಮೇಲೆ ಅಚ್ಚೊತ್ತುವ ಅಜರಖ್ ಮುದ್ರಣದವರು ಕಟ್ಟಿಕೊಂಡ ಊರು. ಅಲ್ಲೇ ಶ್ರುಜನ್ ಸಂಸ್ಥೆಯ ಕಸೂತಿ ಮ್ಯೂಸಿಯಂ ಇದೆ. ಧಾರವಾಡದ ಕಸೂತಿ ಬಲ್ಲವರು ಮನೆಯಲ್ಲಿದ್ದರೆ ಎಚ್ಚರ, ಅಲ್ಲಿಂದ ಎಬ್ಬಿಸುವುದು ಕಷ್ಟ. ನಮ್ಮ ಅತ್ತೆ ರಬಾರಿ ಜನರ ಒಂದು ಕಸೂತಿಯ ಮುಂದೆ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, "ಇದು ನಮ್ಮ ಗವಂತಿ ಹೊಲಿಗೆ ಅಲ್ಲ, ಹಿಂದುಗಡೆ ಗಂಟು ಇರತದ ನೋಡು" ಅಂತ ವಾದ ಹೂಡಿದರು. ಯಾರ ಜೊತೆ ವಾದ ಅಂತ ಗೊತ್ತಾಗಲಿಲ್ಲ.

ಧೋಲಾವೀರಾಕ್ಕೆ ಒಂದು ರಾತ್ರಿ ಇಡಿ. ಹರಪ್ಪಾ ಕಾಲದ ಊರು, 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಖಾವಡಾದಿಂದ ಅಲ್ಲಿಗೆ ಹೋಗುವ ಹೊಸ ರಸ್ತೆಯ ಎರಡೂ ಕಡೆ ಬಿಳಿ ಉಪ್ಪು. ನಲವತ್ತರ ಮೇಲೆ ಗಾಡಿ ಓಡಿಸಲು ಮನಸ್ಸೇ ಬರುವುದಿಲ್ಲ. ಊರಿನ ಸುತ್ತ ಬಂಡೆ ಕೊರೆದು ಮಾಡಿದ ನೀರಿನ ಹೊಂಡಗಳನ್ನು ಬೆಳಗ್ಗೆ ಬೇಗ ನೋಡಿ. ಬಿಸಿಲು ಏರಿದ ಮೇಲೆ ನೆರಳಿಲ್ಲ. ಬಾಗಿಲ ಹತ್ತಿರದ ಮ್ಯೂಸಿಯಂ ಪುಟ್ಟದು, ಮುಕ್ಕಾಲು ಗಂಟೆ ಸಾಕು. ಬಾದಾಮಿ, ಹಳೇಬೀಡಿನ ಹಾಗೆ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ ಅನ್ನೋದು ನೆನಪಿರಲಿ.

ಮಾಂಡವಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಶ್ಯಾಮಜಿ ಕೃಷ್ಣವರ್ಮರ ಸ್ಮಾರಕ ಇದೆ, ಲಂಡನ್ನಿನ ಇಂಡಿಯಾ ಹೌಸ್‌ನ ನಕಲು ಕಟ್ಟಡ. ಕಟ್ಟಡ ಹೊಸದು, ನನಗೆ ಅಷ್ಟೇನೂ ಹಿಡಿಸಲಿಲ್ಲ. ಹಿಡಿಸಿದ್ದು ರುಕ್ಮಾವತಿ ನದಿಯ ದಡ. ಅಲ್ಲಿ ಇವತ್ತಿಗೂ ಮರದ ಹಡಗು ಕಟ್ಟುತ್ತಾರೆ. ಮೂರಂತಸ್ತಿನ ಮನೆಯಷ್ಟು ಎತ್ತರದ ಹಡಗಿನ ಪಕ್ಕೆಲುಬು, ಮೇಲೆ ಬಡಗಿಗಳು. ಟಿಕೆಟ್ ಇಲ್ಲ, ರಜಾ ದಿನ ಇಲ್ಲ.

ಜೋಧಪುರದಿಂದ ಜೈಸಲ್ಮೇರ್: ಕಸಬರಿಗೆಯಿಂದ ಟ್ಯಾಂಕಿನವರೆಗೆ

ಥಾರ್ ದಾರಿಯ ದೊಡ್ಡ ಹೆಸರುಗಳು ನಿಮಗೆ ಗೊತ್ತೇ ಇವೆ. ಮೆಹ್ರಾನ್‌ಗಢ, ಜೈಸಲ್ಮೇರ್ ಕೋಟೆ. ಅವನ್ನು ನಾನು ಹೇಳಬೇಕಾಗಿಲ್ಲ. ಈ ದಾರಿಯನ್ನು ಆರಿಸಲು ನನ್ನ ಕಾರಣ ಬೇರೆ. ಜೋಧಪುರದ ಹೊರಗೆ, ಮೋಕಲಾವಾಸ್ ಹಳ್ಳಿಯ ಹತ್ತಿರ, ಕಲ್ಲು ತೆಗೆದು ಬಿಟ್ಟ ಹಳೇ ಗಣಿ ಜಾಗದಲ್ಲಿ ಅರ್ನಾ ಝರ್ನಾ ಎಂಬ ಮ್ಯೂಸಿಯಂ ಇದೆ. ಅಲ್ಲಿ ಮುಖ್ಯವಾಗಿ ಇಟ್ಟಿರುವುದು ಪೊರಕೆ.

ಹೌದು, ಪೊರಕೆ. ಕರಾವಳಿಯವರ ಹಿಡಿಸೂಡಿ, ಬಯಲುಸೀಮೆಯವರ ಕಸಬರಿಗೆ. ರಾಜಸ್ಥಾನದ ಮೂಲೆ ಮೂಲೆಯಿಂದ ತಂದ ನೂರಾರು ಪೊರಕೆಗಳು, ಒಂದಕ್ಕೊಂದು ಹೋಲುವುದಿಲ್ಲ. ಇದನ್ನು ಯೋಚಿಸಿದವರು ಕೋಮಲ್ ಕೋಠಾರಿ, ಜಾನಪದ ವಿದ್ವಾಂಸರು, 2004ರಲ್ಲಿ ತೀರಿಕೊಂಡರು. ಲಂಗಾ, ಮಾಂಗಣಿಯಾರ್ ಹಾಡುಗಾರರನ್ನು ದೇಶ ವಿದೇಶದ ವೇದಿಕೆಗೆ ಹತ್ತಿಸಿದವರೂ ಇವರೇ. ಅವರು ರಾಜಸ್ಥಾನವನ್ನು ರಾಜರ ಹೆಸರಲ್ಲಿ ಭಾಗ ಮಾಡಲಿಲ್ಲ. ಜನ ಏನು ತಿನ್ನುತ್ತಾರೆ ಅಂತ ನೋಡಿ ಸಜ್ಜೆ ಸೀಮೆ, ಮೆಕ್ಕೆಜೋಳದ ಸೀಮೆ, ಜೋಳದ ಸೀಮೆ ಅಂತ ಮೂರು ಮಾಡಿದರು. ರಾಗಿ ಸೀಮೆ, ಜೋಳದ ಸೀಮೆ ಅಂತ ಮಾತಾಡಿ ಅಭ್ಯಾಸ ಇರುವ ನಮಗೆ ಇದು ಕೂಡಲೇ ತಲೆಗೆ ಹೋಗುತ್ತದೆ. ಯಾವ ಸೀಮೆಯಲ್ಲಿ ಯಾವ ಹುಲ್ಲು, ಯಾವ ಗಿಡ ಬೆಳೆಯುತ್ತದೋ ಆ ಸೀಮೆಯ ಪೊರಕೆ ಅದರದ್ದು.

ನಮಗೆ ತೋರಿಸಿದವನು ಒಬ್ಬ ಹುಡುಗ. ಮೆತ್ತಗಿನ ಹುಲ್ಲಿನ ಪೊರಕೆ ಮನೆಯೊಳಕ್ಕೆ, ಗಡುಸು ಕಡ್ಡಿಯದ್ದು ಅಂಗಳಕ್ಕೆ ಮತ್ತು ಕೊಟ್ಟಿಗೆಗೆ. ಒಂದನ್ನು ನನ್ನ ಕೈಗೆ ಕೊಟ್ಟು ಗುಡಿಸಿ ನೋಡಿ ಅಂದ. ಗುಡಿಸಿದೆ. ಮರಳಿನ ಮೇಲೆ ಬಾಚಣಿಗೆ ಎಳೆದ ಹಾಗೆ ಸಾಲು ಸಾಲು ಗೆರೆ ಬಂತು. ನನ್ನವಳು ನಕ್ಕಳು, ಮನೆಯಲ್ಲಿ ಇದನ್ನು ಹಿಡಿದದ್ದು ನೋಡಿರಲಿಲ್ಲ ಅಂತ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಪೊರಕೆಗೆ ಕಾಲು ತಾಗಿಸಬಾರದು, ಒಳಗಿನ ಪೊರಕೆ ಅಂದರೆ ಲಕ್ಷ್ಮಿ. ಅವನು ಹಿಂದಿಯಲ್ಲಿ ಒಂದೊಂದೇ ಹೇಳುತ್ತಿದ್ದರೆ ನಮ್ಮ ಅಜ್ಜಿ ಕನ್ನಡದಲ್ಲಿ ಹೇಳಿದ ಹಾಗೇ ಕೇಳುತ್ತಿತ್ತು.

ಅಲ್ಲೇ ವಾದ್ಯಗಳೂ ಇವೆ. ಮೋರ್ಚಂಗ್ ನೋಡಿದ ತಕ್ಷಣ ಅಯ್ಯೋ ಇದು ನಮ್ಮ ಮೋರ್ಸಿಂಗ್ ಅಂದುಕೊಳ್ಳುತ್ತೀರಿ. ಅದೇ ಅದು. ಇಡೀ ಜಾಗಕ್ಕೆ ಎರಡು ಗಂಟೆ. ಆಟೋ ಸುಲಭಕ್ಕೆ ಸಿಗುವುದಿಲ್ಲ, ಕಾರು ಇರಬೇಕು. ಹೋಗುವ ಮುಂಚೆ ಫೋನ್ ಮಾಡಿ.

ಜೋಧಪುರ ಬಿಟ್ಟರೆ ಮುಂದೆ ಫಲೋದಿ. ದೇಶದಲ್ಲೇ ಅತಿ ಹೆಚ್ಚು ಅಂತ ದಾಖಲಾದ 51 ಡಿಗ್ರಿ ಬಿಸಿಲು 2016ರ ಮೇ ತಿಂಗಳಲ್ಲಿ ಈ ಊರಲ್ಲೇ. ನೀವು ಹೋಗುವುದು ಡಿಸೆಂಬರಿನಲ್ಲಿ, ಹೆದರಬೇಡಿ. ಪಕ್ಕದ ಖೀಚನ್ ಹಳ್ಳಿಗೆ ಚಳಿಗಾಲದಲ್ಲಿ ಸಾವಿರಾರು ಕೊಕ್ಕರೆ ಜಾತಿಯ ಹಕ್ಕಿಗಳು, ಅಲ್ಲಿನವರ ಮಾತಲ್ಲಿ ಕುರ್ಜಾ, ಮಧ್ಯ ಏಷ್ಯಾ ಕಡೆಯಿಂದ ಬರುತ್ತವೆ. ಊರವರು ದಿನಾ ಕಾಳು ಹಾಕುತ್ತಾರೆ. ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು. ನಾವು ತಲುಪಿದ್ದು ಹತ್ತೂವರೆಗೆ, ಕಾಳು ಖಾಲಿ, ಹಕ್ಕಿ ದೂರದ ಕೆರೆಯಲ್ಲಿ. ಕಾರಣ ಬಾಡಿಗೆ ಕಾರು. ದಾರಿಯಲ್ಲಿ ಪಂಕ್ಚರ್ ಆಯಿತು, ಸ್ಟೆಪ್ನಿ ಇಳಿಸಿದರೆ ಅದರಲ್ಲಿ ಗಾಳಿಯೇ ಇಲ್ಲ. ಕಾರು ಕೊಟ್ಟವನಿಗೆ ಫೋನ್ ಮಾಡಿದರೆ "ಸಾರ್, ಈವರೆಗೆ ಯಾರೂ ಅದನ್ನು ಇಳಿಸಿರಲಿಲ್ಲ" ಅಂದ. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಸ್ಟೆಪ್ನಿಯನ್ನು ಕೈಯಿಂದ ಒತ್ತಿ ನೋಡಿ.

ಪೋಖ್ರಣ್ ಅಂದರೆ 1974 ಮತ್ತು 1998ರ ಅಣು ಪರೀಕ್ಷೆ ನೆನಪಾಗುತ್ತದೆ. ಅಲ್ಲಿಗೆ ನಮ್ಮನ್ನು ಯಾರು ಬಿಡುತ್ತಾರೆ! ಊರಲ್ಲಿ ಕೆಂಪು ಕಲ್ಲಿನ ಕೋಟೆ, ಒಳಗೊಂದು ಸಣ್ಣ ಮ್ಯೂಸಿಯಂ. ಅರ್ಧ ಗಂಟೆ. ಬಜಾರಿನ ಚಮ್‌ಚಮ್ ಸಿಹಿಗೆ ಇನ್ನರ್ಧ ಗಂಟೆ.

ಜೈಸಲ್ಮೇರಿನಲ್ಲಿ ಗಡೀಸರ್ ಕೆರೆಯ ಹತ್ತಿರದ ಡೆಸರ್ಟ್ ಕಲ್ಚರ್ ಸೆಂಟರ್‌ಗೆ ಹೋಗಿ. ಒಬ್ಬ ಊರಿನ ಮೇಷ್ಟ್ರು ಜೀವಮಾನವಿಡೀ ಕೂಡಿಟ್ಟದ್ದು ಮ್ಯೂಸಿಯಂ ಆಗಿದೆ. ಗೋಡೆಗೆ ಪಾಬೂಜಿ ಎಂಬ ಜಾನಪದ ದೇವರ ಕತೆಯ ಫಡ್, ಅಂದರೆ ಉದ್ದನೆಯ ಬಟ್ಟೆ ಚಿತ್ರ. ಭೋಪಾ, ಅಂದರೆ ಕತೆ ಹಾಡುವ ಪೂಜಾರಿ, ಹಾಡುತ್ತಾನೆ, ಅವನ ಹೆಂಡತಿ ದೀಪ ಹಿಡಿದು ಆಯಾ ಚಿತ್ರ ತೋರಿಸುತ್ತಾಳೆ, ರಾತ್ರಿಯಿಡೀ. ಕಂಸಾಳೆಯವರು ಮಾದೇಶ್ವರನ ಕತೆ ಹೇಳಿದ ಹಾಗೆ ಅಂದುಕೊಳ್ಳಿ. ಬಾಗಿಲು ಬಾಗಿಲಾಗಿ ಬಿಚ್ಚಿಕೊಳ್ಳುವ ಕಾವಡ್ ಎಂಬ ಮರದ ಪೆಟ್ಟಿಗೆ ಗುಡಿಯೂ ಇದೆ. ಫಲಕಗಳು ಹಳೆಯವು, ಬೆಳಕು ಕಮ್ಮಿ. ಸಂಜೆ ಗೊಂಬೆಯಾಟ ಇರುತ್ತದೆ, ಮಕ್ಕಳು ಅದರಲ್ಲೇ ಖುಷಿ.

ಮ್ಯೂಸಿಯಂ ಅಂದರೆ ಆಕಳಿಸುವವರಿಗೆ ಒಂದು ದಾರಿ ಇದೆ ಅಂದೆನಲ್ಲ, ಇದೇ ಅದು. ಜೋಧಪುರ ರಸ್ತೆಯಲ್ಲೇ ಸೇನೆಯ ವಾರ್ ಮ್ಯೂಸಿಯಂ ಇದೆ, 2015ರಲ್ಲಿ ಶುರುವಾದದ್ದು. ಟ್ಯಾಂಕು, ವಿಮಾನ, ಫಿರಂಗಿ ಎಲ್ಲ ಬಯಲಲ್ಲೇ. ಇನ್ನೂ ಬೇಕಾದರೆ ನೂರು ಚಿಲ್ಲರೆ ಕಿ.ಮೀ. ಆಚೆ ಲೋಂಗೇವಾಲಾ, 1971ರ ಡಿಸೆಂಬರಿನಲ್ಲಿ ಯುದ್ಧ ನಡೆದ ಜಾಗ. ನನ್ನ ಮಗನಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಅದೊಂದೇ. ಪೊರಕೆ ಮ್ಯೂಸಿಯಂ ಅಂದರೆ ಈಗಲೂ ತಲೆ ಚಚ್ಚಿಕೊಳ್ಳುತ್ತಾನೆ.

ನವಲಗಢ: ಬೀದಿಯೇ ಮ್ಯೂಸಿಯಂ

ಮಾಟುಂಗಾದಲ್ಲಿ ಓದಿದವರಿಗೆ ಪೋದಾರ್ ಕಾಲೇಜು ಗೊತ್ತು. ಆ ಪೋದಾರ್ ಮನೆತನದ ಊರು ನವಲಗಢ. ಬಿರ್ಲಾಗಳದ್ದು ಪಿಲಾನಿ, ಪಿರಾಮಲ್‌ಗಳದ್ದು ಬಗಡ. ಎಲ್ಲ ಅಕ್ಕಪಕ್ಕ. ಮುಂಬೈ, ಕಲ್ಕತ್ತಾಕ್ಕೆ ಬಂದು ವ್ಯಾಪಾರ ಮಾಡಿದ ಸೇಠರು ಊರಲ್ಲಿ ಹವೇಲಿ ಕಟ್ಟಿಸಿ ಗೋಡೆ ತುಂಬ ಚಿತ್ರ ಬರೆಸಿದರು. ದುಡ್ಡು ಇಲ್ಲಿಯದು, ಗೋಡೆ ಅಲ್ಲಿಯದು. ಮುಂಬೈಯಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿಸಿ, ವರ್ಷಕ್ಕೆ ಎಂಟು ದಿನ ಮಾತ್ರ ಅದರಲ್ಲಿ ಇರುವ ನಮ್ಮ ಕುಂದಾಪುರ, ಉಡುಪಿ ಕಡೆಯವರಿಗೆ ಇದು ಹೊಸ ಕತೆ ಅಲ್ಲ.

1902ರ ಪೋದಾರ್ ಹವೇಲಿ ಈಗ ಮ್ಯೂಸಿಯಂ, ಏಳುನೂರಕ್ಕೂ ಹೆಚ್ಚು ಚಿತ್ರ. ಕೃಷ್ಣ, ರಾಮ, ಪಕ್ಕದಲ್ಲೇ ರೈಲು, ಮೋಟಾರು ಕಾರು. ರೈಲನ್ನು ಕಣ್ಣಿಂದ ನೋಡದೆ ಬರೀ ಕೇಳಿ ಬರೆದ ಚಿತ್ರಗಾರರೂ ಇದ್ದಿರಬೇಕು, ಕೆಲವು ಬೋಗಿಗಳು ಥೇಟ್ ಮನೆಯ ಹಾಗೇ ಇವೆ. ಬಣ್ಣದಲ್ಲೂ ಒಂದು ಕತೆ ಇದೆ. ಹಳೆಯವು ಮಣ್ಣು, ನೀಲಿ ಗಿಡದಂಥ ಬಣ್ಣ, ಮಂಕಾಗಿದ್ದರೂ ಹಿತ. ಆಮೇಲೆ ಯುರೋಪಿನ ರಾಸಾಯನಿಕ ಬಣ್ಣ ಬಂತು, ಗಾಢ ನೀಲಿ ಕಂಡರೆ ಅದು ಈಚಿನದು ಅಂತ ತಿಳಿಯಿರಿ. ಹೀಗೆ ಎರಡು ಬೀದಿ ಸುತ್ತಿದರೆ ಚಿತ್ರದ ವಯಸ್ಸು ಹೇಳುವುದು ನಿಮಗೇ ಬರುತ್ತದೆ.

ಮಿಕ್ಕ ಹವೇಲಿಗಳಲ್ಲಿ ಬೀಗ. ಕೀಲಿ ಇರುವ ಚೌಕಿದಾರನನ್ನು ಹುಡುಕಿ, ಐವತ್ತೋ ನೂರೋ ಕೊಟ್ಟರೆ ತೆಗೆಯುತ್ತಾನೆ. ಇದು ಕೆಲವರಿಗೆ ಮಜಾ, ಕೆಲವರಿಗೆ ಕಿರಿಕಿರಿ. ಪಿಲಾನಿಯಲ್ಲಿ 1954ರಲ್ಲಿ ಶುರುವಾದ ಬಿರ್ಲಾ ಮ್ಯೂಸಿಯಂ ಇದೆ, ದೇಶದ ಮೊದಲ ತಂತ್ರಜ್ಞಾನ ಮ್ಯೂಸಿಯಂ. ವಿಜ್ಞಾನ ಓದುವ ಮಕ್ಕಳಿದ್ದರೆ ಸರಿ. ಒಂಟೆ, ಮರಳು, ಬಿಳಿ ಉಪ್ಪು ಬೇಕು ಅನ್ನುವವರು ಮಾತ್ರ ಈ ಕಡೆ ಬರಬೇಡಿ, ಆಮೇಲೆ ನನಗೆ ಬೈಯುತ್ತೀರಿ.

ಸ್ವಂತ ಕಾರೋ, ರೈಲೋ

ರೋಡ್ ಟ್ರಿಪ್ ಅಂದಮೇಲೆ ಮನೆಯಿಂದಲೇ ಕಾರು ತೆಗೆಯಬೇಕು ಅನ್ನುವ ಹಟ ನನಗೂ ಇತ್ತು. ಭುಜ್‌ಗೆ ಹಾಗೇ ಹೋದೆವು. ಘೋಡ್‌ಬಂದರ್ ರಸ್ತೆ ದಾಟುವಷ್ಟರಲ್ಲೇ ಅರ್ಧ ಜೀವ ಹೋಗಿತ್ತು. ಆಮೇಲೆ ವಾಪಿ, ಸೂರತ್, ವಡೋದರಾ, ಅಹಮದಾಬಾದ್, ಎಲ್ಲ ಹೆದ್ದಾರಿ, ಎಲ್ಲ ಲಾರಿ. ನಿಜವಾದ ಪ್ರವಾಸ ಶುರುವಾಗುವುದು ಸಾಮಖಿಯಾಲಿ ದಾಟಿದ ಮೇಲೆ. ಹೋಗಿ ಬರಲು ನಾಲ್ಕು ದಿನ ಸುಮ್ನೆ ಹೋಯಿತು.

ಈಗ ನಾನು ಹೇಳುವುದು: ರೈಲಲ್ಲಿ ಹೋಗಿ, ಅಲ್ಲಿ ಕಾರು ತೆಗೆದುಕೊಳ್ಳಿ. ಬಾಂದ್ರಾ ಟರ್ಮಿನಸ್‌ನಿಂದ ಭುಜ್‌ಗೆ ಕಚ್ಛ್ ಎಕ್ಸ್‌ಪ್ರೆಸ್, ಜೋಧಪುರಕ್ಕೆ ಸೂರ್ಯನಗರಿ. ಎರಡೂ ರಾತ್ರಿ ರೈಲು, ಊಟ ಕಟ್ಟಿಕೊಂಡು ಹತ್ತಿದರೆ ಬೆಳಗ್ಗೆ ಅಲ್ಲಿ. ನವಲಗಢಕ್ಕೆ ಜೈಪುರದವರೆಗೆ ರೈಲು, ಅಲ್ಲಿಂದ ಸುಮಾರು 140 ಕಿ.ಮೀ. ರಸ್ತೆ. ಪುಣೆಯವರಿಗೆ ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಬರುವ ಗಾಂಧಿಧಾಮ ಮತ್ತು ಜೋಧಪುರದ ರೈಲುಗಳಿವೆ. ಬೋಗಿಯಲ್ಲಿ ಕನ್ನಡಕ್ಕೂ ಬರ ಇಲ್ಲ, ಗಿರಮಿಟ್ಟಿಗೂ ಬರ ಇಲ್ಲ. ಗೋವಾದವರಿಗೆ ಕೊಂಕಣ ರೈಲ್ವೆಯಲ್ಲಿ ಮಡಗಾಂವದ ಮೇಲೆ ಹೋಗುವ ನಾಗರಕೋಯಿಲ್–ಗಾಂಧಿಧಾಮ ರೈಲು ಇದೆ, ವಾರಕ್ಕೊಂದು ಸಲ. ಗಾಂಧಿಧಾಮದಿಂದ ಭುಜ್ ಒಂದೂವರೆ ಗಂಟೆ.

ಸ್ವಂತ ಕಾರಲ್ಲೇ ಹೋಗುತ್ತೇವೆ ಅನ್ನುವವರು, ವಿಶೇಷವಾಗಿ ಗೋವಾದವರು, ಡಿಕ್ಕಿಯಲ್ಲಿ ಬಾಟಲಿ ಇಟ್ಟುಕೊಂಡು ಗುಜರಾತಿಗೆ ಕಾಲಿಡಬೇಡಿ. ಅಲ್ಲಿ ಪಾನನಿಷೇಧ ಇದೆ, ಗಡಿಯಲ್ಲಿ ತಪಾಸಣೆ ಇದೆ.

ಊಟದ ವಿಷಯಕ್ಕೆ ಮೂರೂ ಕಡೆ ಸಸ್ಯಾಹಾರಿಗಳಿಗೆ ಚಿಂತೆ ಇಲ್ಲ. ಕಚ್ಛ್‌ನ ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿ, ಮೇಲೆ ಬೆಣ್ಣೆ ಸಿಕ್ಕರೆ ಉತ್ತರ ಕರ್ನಾಟಕದವರು ಮನೆಗೆ ಬಂದ ಹಾಗೇ ಅಂದುಕೊಳ್ಳುತ್ತಾರೆ. ಥಾರ್‌ನ ಕೇರ್ ಸಾಂಗ್ರಿ ಪಲ್ಯ ಮೊದಲ ದಿನ ರುಚಿ, ನಾಲ್ಕನೇ ದಿನ ಮೊಸರನ್ನ ನೆನಪಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ ಹೋಗುವವರಿಗೆ, ಮನೆಯಲ್ಲಿ ಹಿರಿಯರಿದ್ದರೆ, ವಾರ ಮಾತ್ರ ರಜೆ ಇದ್ದರೆ, ಕಣ್ಣು ಮುಚ್ಚಿ ಕಚ್ಛ್. ಒಂದೇ ಹೋಟೆಲಿನಲ್ಲಿ ನಾಲ್ಕು ರಾತ್ರಿ ಇದ್ದು ದಿನಾ ಒಂದು ದಿಕ್ಕಿಗೆ ಹೋಗಿ ಬರಬಹುದು, ಗಂಟು ಮೂಟೆ ಕಟ್ಟುವ ಕೆಲಸ ಇಲ್ಲ. ಮ್ಯೂಸಿಯಂಗಳೂ ಒಂದರ ಹಾಗೆ ಒಂದಿಲ್ಲ.

ಹನ್ನೆರಡು ದಾಟಿದ ಮಕ್ಕಳಿದ್ದು ಒಂಬತ್ತು ಹತ್ತು ದಿನ ಇದ್ದರೆ ಥಾರ್. ದೂರ ಜಾಸ್ತಿ, ದಿನಾ ಹೊಸ ಊರು, ಖರ್ಚೂ ಜಾಸ್ತಿ. ಜೈಸಲ್ಮೇರಿನಲ್ಲಿ ಡಿಸೆಂಬರ್ ಕೊನೆಯ ವಾರ ಕೋಣೆಯ ಬೆಲೆ ಕೇಳಿದರೆ ಹಲ್ಲು ಕಚ್ಚಿಕೊಳ್ಳಬೇಕು. ಆ ವಾರ ಬಿಟ್ಟು ಜನವರಿ ಮಧ್ಯದಲ್ಲಿ ಹೋಗಿ.

ಇಬ್ಬರೇ ಹೋಗುವವರಿಗೆ, ಚಿತ್ರ ಬರೆಯುವವರಿಗೆ, ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಒಂದೇ ಗೋಡೆ ಮುಂದೆ ನಿಲ್ಲುವವರಿಗೆ ಶೇಖಾವತಿ. ನಾಲ್ಕು ದಿನ ಸಾಕು. ಸಣ್ಣ ಮಕ್ಕಳ ಜೊತೆ ಬೇಡ.

ನಾನು ಮತ್ತೊಮ್ಮೆ ಹೋಗುವುದು ಕಚ್ಛ್‌ಗೇ. ಈ ಸಲ ದಿನ ಎಣಿಸಿಟ್ಟಿದ್ದೇನೆ. ಕಚ್ಛ್ ಮ್ಯೂಸಿಯಂಗೆ ಬುಧವಾರ, ಜೊತೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಐನಾ ಮಹಲ್‌ಗೆ ಗುರುವಾರ, ಸ್ಮೃತಿವನಕ್ಕೆ ಸೋಮವಾರ, ಧೋಲಾವೀರಾದ ಮ್ಯೂಸಿಯಂಗೆ ಶುಕ್ರವಾರ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಭುಜ್ ಊರೇ ಮಲಗುತ್ತದೆ, ಆ ಹೊತ್ತಿಗೆ ಊಟ, ನಿದ್ದೆ. ಹಾಗಾಗಿ ತಿಂಗಳ ಮೂರನೇ ಶನಿವಾರದ ಹಿಂದಿನ ಸಂಜೆ ಬಾಂದ್ರಾದಲ್ಲಿ ರೈಲು. ಶನಿವಾರ ಕಚ್ಛ್ ಮ್ಯೂಸಿಯಂ, ಐನಾ ಮಹಲ್. ಭಾನುವಾರ ಸ್ಮೃತಿವನ. ಸೋಮವಾರ ಮಾಂಡವಿ. ಮಂಗಳವಾರ ಖಾವಡಾ, ಕಾಲಾ ಡುಂಗರ್ ಗುಡ್ಡ, ಸಂಜೆಗೆ ಧೋರ್ಡೋದ ಬಿಳಿ ರಣ, ಅಂದರೆ ಉಪ್ಪಿನ ಬಯಲು. ಅದಕ್ಕೆ ಪರ್ಮಿಟ್ ಬೇಕು, ಆಧಾರ್ ಪ್ರತಿ ಇಟ್ಟುಕೊಂಡು ಭಿರಂಡಿಯಾರಾ ಚೆಕ್‌ಪೋಸ್ಟಿನಲ್ಲಿ ಮಾಡಿಸಬಹುದು. ಬುಧವಾರ ಧೋಲಾವೀರಾ, ರಾತ್ರಿ ಅಲ್ಲೇ. ಭುಜ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಬೇಕು. ಗುರುವಾರ ವಾಪಸ್ ಬರುತ್ತಾ ಅಜರಖಪುರ, ರಾತ್ರಿ ರೈಲು.

ಅತ್ತೆಯೂ ಬರುತ್ತಾರಂತೆ. ಅಜರಖಪುರಕ್ಕೆ ಎರಡು ಗಂಟೆ ಇಟ್ಟಿದ್ದೆ, ನಾಲ್ಕು ಮಾಡಿದ್ದೇನೆ.